ಲಿಂಕ್ ಕೊಂಡರೆ ರ‍್ಯಾಂಕ್ ಬರುತ್ತದೆಯೇ?

ಗೂಗಲ್ ಹುಡುಕಾಟ, ಬ್ಯಾಕ್‌ಲಿಂಕ್ (ಬೇರೆ ವೆಬ್‌ಸೈಟುಗಳಿಂದ ನಮ್ಮ ತಾಣಕ್ಕೆ ಬರುವ ಲಿಂಕ್) ಮತ್ತು ಅದರ ಸುತ್ತ ನಡೆಯುವ ವ್ಯಾಪಾರದ ಬಗ್ಗೆ ಮೈಸೂರು, ಮಂಡ್ಯ ಕಡೆಯ ಓದುಗರು ಕೇಳಿದ ಪ್ರಶ್ನೆಗಳಿಗೆ ನಮ್ಮ ತಂತ್ರಜ್ಞಾನ ಬಳಗ ಇಲ್ಲಿ ಉತ್ತರಿಸಿದೆ.

ಪ್ರ: ನಮ್ಮದು ಮಂಡ್ಯದ ಹತ್ತಿರ ಆಲೆಮನೆ. ಅಚ್ಚುಬೆಲ್ಲ, ಬೆಲ್ಲದ ಪುಡಿ, ಜೋನಿಬೆಲ್ಲವನ್ನು ನಮ್ಮದೇ ವೆಬ್‌ಸೈಟಿನಲ್ಲಿ ಮಾರುತ್ತೇವೆ. ಏಜೆನ್ಸಿಯವರೊಬ್ಬರು ‘ಡಿಎ 50ಕ್ಕಿಂತ ಮೇಲಿರುವ 1,000 ಬ್ಯಾಕ್‌ಲಿಂಕ್ ಹಾಕಿಸಿಕೊಡುತ್ತೇವೆ, ಒಂದು ತಿಂಗಳಲ್ಲಿ ಮೊದಲ ಪುಟ ಗ್ಯಾರಂಟಿ’ ಎನ್ನುತ್ತಿದ್ದಾರೆ. ದುಡ್ಡು ಹಾಕಬಹುದೇ?
— ಬೆಲ್ಲದ ವ್ಯಾಪಾರಿ, ಮಂಡ್ಯ

ಉ: ಹಾಕಬೇಡಿ. ಅವರು ಹೇಳುವ ‘ಡಿಎ’ ಗೂಗಲ್ ಕೊಡುವ ಅಂಕವಲ್ಲ. ಡೊಮೈನ್ ಅಥಾರಿಟಿ ಎಂಬ ಈ ಅಂಕವನ್ನು ಮಾಝ್ ಎಂಬ ಖಾಸಗಿ ಕಂಪನಿ ತನ್ನ ಲೆಕ್ಕದಲ್ಲಿ 1ರಿಂದ 100ರವರೆಗೆ ಕೊಡುತ್ತದೆ. ಅಹ್ರೆಫ್ಸ್ ಕಂಪನಿಯ ‘ಡಿಆರ್’ ಕೂಡ ಇದೇ ಬಗೆಯದು. ಎರಡನ್ನೂ ಗೂಗಲ್ ಬಳಸುವುದಿಲ್ಲ. ಹಿಂದೆ ಗೂಗಲ್ಲೇ, ಲಿಂಕುಗಳನ್ನು ನೋಡಿ ಪುಟಕ್ಕೆ ಕೊಡುವ ತನ್ನ ಪೇಜ್‌ರ‍್ಯಾಂಕ್ ಅಂಕವನ್ನು ಬ್ರೌಸರ್ ಟೂಲ್‌ಬಾರಿನಲ್ಲಿ 0ಯಿಂದ 10ರವರೆಗೆ ತೋರಿಸುತ್ತಿತ್ತು. ಆ ಅಂಕ ನೋಡಿ ‘ಇಷ್ಟರ ಪುಟದಿಂದ ಲಿಂಕ್, ಇಷ್ಟು ದರ’ ಎಂಬ ಸಂತೆಯೇ ಶುರುವಾಯಿತು. 2016ರಲ್ಲಿ ಗೂಗಲ್ ಅದನ್ನು ಹೊರಗೆ ತೋರಿಸುವುದನ್ನು ನಿಲ್ಲಿಸಿತು. ಸಂತೆ ಮಾತ್ರ ನಿಲ್ಲಲಿಲ್ಲ, ಈಗ ಡಿಎ ಹೆಸರಿನಲ್ಲಿ ನಡೆಯುತ್ತಿದೆ.

ತಿಂಗಳೊಳಗೆ 1,000 ಲಿಂಕ್ ಕೈಯಿಂದ ಸಿಗುವಂಥದ್ದಲ್ಲ. ಸಾಫ್ಟ್‌ವೇರ್ ಹಚ್ಚಿ ಯಾರೂ ಓದದ ಡೈರೆಕ್ಟರಿಗಳಲ್ಲಿ, ಬಳಕೆದಾರರ ಪ್ರೊಫೈಲ್ ಪುಟಗಳಲ್ಲಿ, ಕಾವಲಿಲ್ಲದ ಪ್ರತಿಕ್ರಿಯೆ ಅಂಕಣಗಳಲ್ಲಿ ನಿಮ್ಮ ವಿಳಾಸ ತುಂಬಿಸುತ್ತಾರೆ. ಅವರನ್ನು ಹತ್ತು ಮಾದರಿ ಲಿಂಕ್ ಕೇಳಿ, ಒಂದೊಂದನ್ನೇ ತೆರೆದು ನೋಡಿ. ಆ ತಾಣಕ್ಕೂ ಆಹಾರ, ಕೃಷಿ, ಕರ್ನಾಟಕಕ್ಕೂ ಏನಾದರೂ ಸಂಬಂಧವಿದೆಯೇ? ಅದೇ ಪುಟದಲ್ಲಿ ಜೂಜು, ಸಾಲ, ಮಾತ್ರೆಗಳ ಲಿಂಕುಗಳೂ ಇವೆಯೇ? ಪುಟದ ಪೂರ್ತಿ ವಿಳಾಸವನ್ನು ಗೂಗಲ್‌ನಲ್ಲಿ ಹಾಕಿ ಹುಡುಕಿದರೆ ಅದು ಸಿಗುತ್ತದೆಯೇ? ಗೂಗಲ್ ತನ್ನ ಸೂಚಿಯಲ್ಲಿ ಸೇರಿಸದ ಪುಟದಿಂದ ಬರುವ ಲಿಂಕಿಗೆ ತೂಕವಿಲ್ಲ. ಆಮೇಲೆ ಲಿಂಕಿನ ಮೇಲೆ ಬಲಗುಂಡಿ ಒತ್ತಿ ‘ಇನ್‌ಸ್ಪೆಕ್ಟ್’ ಆರಿಸಿ. ಅಲ್ಲಿ ‘ನೋಫಾಲೋ’ (ಈ ಲಿಂಕಿಗೆ ತೂಕ ಕೊಡಬೇಡಿ ಎಂದು ಗೂಗಲ್‌ಗೆ ಹೇಳುವ ಗುರುತು) ಎಂದಿದ್ದರೆ ಅದು ರ‍್ಯಾಂಕಿಗಾಗಿ ಕೊಂಡುಕೊಳ್ಳುವ ಲಿಂಕೇ ಅಲ್ಲ. ಕೊನೆಯದಾಗಿ ಲಿಂಕಿನ ಮೇಲಿರುವ ಪದಗಳನ್ನು ನೋಡಿ. ಹತ್ತರಲ್ಲಿ ಎಂಟಕ್ಕೆ ‘ಬೆಸ್ಟ್ ಆರ್ಗ್ಯಾನಿಕ್ ಜಾಗರಿ’ ಎಂದೇ ಇದ್ದರೆ, ಕೊಟ್ಟವರು ಓದುಗರಲ್ಲ, ಯಂತ್ರ ಎಂದು ಗೂಗಲ್‌ಗೆ ತಕ್ಷಣ ತಿಳಿಯುತ್ತದೆ. ಜನ ತಾವಾಗಿ ಕೊಟ್ಟ ಲಿಂಕುಗಳಲ್ಲಿ ಅಂಗಡಿಯ ಹೆಸರು, ಬರೀ ವಿಳಾಸ, ‘ಇಲ್ಲಿ ನೋಡಿ’ ಎಲ್ಲವೂ ಬೆರೆತಿರುತ್ತವೆ.

ಬಹುಪಾಲು ಇಂಥ ಲಿಂಕುಗಳನ್ನು ಗೂಗಲ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೋದದ್ದು ನಿಮ್ಮ ದುಡ್ಡು ಮಾತ್ರ. ಕೈಮೀರಿದರೆ ದಂಡಕ್ರಮ ಬೀಳುತ್ತದೆ, ಅದರ ವಿವರ ಮುಂದೆ ಇದೆ. ‘ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು’ ಎಂದು ಗೂಗಲ್ಲೇ ತನ್ನ ಮಾರ್ಗದರ್ಶಿಯಲ್ಲಿ ಬರೆದಿದೆ.

ಅದೇ ಹಣವನ್ನು ನಾಲ್ಕು ಒಳ್ಳೆಯ ಪುಟ ಬರೆಸಲು ಹಾಕಿ. ಒಂದು ಟನ್ ಕಬ್ಬಿಗೆ ಸುಮಾರು 100 ಕೆ.ಜಿ. ಬೆಲ್ಲ ಬರುವ ಲೆಕ್ಕ, ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುವ ಕ್ರಮ, ಬಣ್ಣ ತಿಳಿಯಾಗಿಸುವ ರಾಸಾಯನಿಕ ಹೈಡ್ರೋಸ್ ಹಾಕದ ಬೆಲ್ಲ ಏಕೆ ಕಂದಾಗಿರುತ್ತದೆ, ಮಳೆಗಾಲದಲ್ಲಿ ಬೆಲ್ಲ ನೀರೊಡೆಯದಂತೆ ಇಡುವುದು ಹೇಗೆ, ಇವನ್ನೆಲ್ಲ ಕೊಪ್ಪರಿಗೆಯ ಮುಂದೆ ನಿಂತು ತೆಗೆದ ಫೋಟೊಗಳ ಜತೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಿ. ಅಡುಗೆಯ ಬಗ್ಗೆ ಬರೆಯುವವರು, ಕೃಷಿ ವಿದ್ಯಾರ್ಥಿಗಳು, ಪತ್ರಕರ್ತರು ಹುಡುಕುವುದು ಇಂಥ ಮಾಹಿತಿಯನ್ನೇ. ಅವರು ಬರೆಯುವಾಗ ಮೂಲವೆಂದು ನಿಮ್ಮ ಪುಟ ತೋರಿಸುವ ಐದಾರು ಲಿಂಕುಗಳಿಗೆ ಏಜೆನ್ಸಿಯ ಸಾವಿರ ಸಮನಾಗದು.

ಪ್ರ: ಲಿಂಕಿನಿಂದ ರ‍್ಯಾಂಕ್ ಲೆಕ್ಕ ಹಾಕುವುದು ನಿಜಕ್ಕೂ ಹೇಗೆ? ಒಂದು ಲಿಂಕ್, ಒಂದು ಮತ ಎಂದಷ್ಟೇ ಪಾಠದಲ್ಲಿ ಹೇಳುತ್ತಾರೆ.
— ಎಂ.ಎಸ್ಸಿ. ವಿದ್ಯಾರ್ಥಿನಿ, ಮಾನಸಗಂಗೋತ್ರಿ, ಮೈಸೂರು

ಉ: ಮತವೇನೋ ಸರಿ, ಆದರೆ ಎಲ್ಲ ಮತಕ್ಕೂ ಒಂದೇ ತೂಕವಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ 1998ರಲ್ಲಿ ಪ್ರಕಟಿಸಿದ ಪೇಜ್‌ರ‍್ಯಾಂಕ್ ಲೆಕ್ಕದಲ್ಲಿ, ತೂಕದ ಪುಟ ಕೊಟ್ಟ ಲಿಂಕಿಗೆ ಹೆಚ್ಚು ತೂಕ. ವಿ.ಸಿ. ನಾಲೆಯ ನೀರು ತೂಬುಗಳಲ್ಲಿ ಹಂಚಿಹೋಗುವಂತೆ, ಒಂದು ಪುಟದ ತೂಕ ಅದರಿಂದ ಹೊರಡುವ ಲಿಂಕುಗಳಿಗೆ ಸಮನಾಗಿ ಹಂಚಿಹೋಗುತ್ತದೆ. ಎರಡೇ ಲಿಂಕ್ ಇದ್ದರೆ ಅರ್ಧರ್ಧ, ಇನ್ನೂರು ಇದ್ದರೆ ಒಂದೊಂದಕ್ಕೆ ಇನ್ನೂರರಲ್ಲಿ ಒಂದು ಪಾಲು.

ಓದುಗ ನೂರಕ್ಕೆ 85 ಸಲ ಪುಟದಲ್ಲಿರುವ ಯಾವುದೋ ಲಿಂಕ್ ಒತ್ತುತ್ತಾನೆ, 15 ಸಲ ಬೇಸರಗೊಂಡು ಎಲ್ಲಿಗೋ ಜಿಗಿಯುತ್ತಾನೆ ಎಂಬುದು ಅವರ ಊಹೆ. ಮೂರೇ ಪುಟಗಳ ತಾಣ ತೆಗೆದುಕೊಳ್ಳಿ: ಮುಖಪುಟ, ಬೆಲ್ಲದ ಪುಟ, ಸಂಪರ್ಕ ಪುಟ. ಮುಖಪುಟದಿಂದ ಉಳಿದೆರಡಕ್ಕೂ ಲಿಂಕ್. ಬೆಲ್ಲದ ಪುಟದಿಂದ ಮುಖಪುಟಕ್ಕೆ ಮಾತ್ರ. ಸಂಪರ್ಕ ಪುಟದಿಂದ ಮುಖಪುಟಕ್ಕೂ ಬೆಲ್ಲದ ಪುಟಕ್ಕೂ. ಜಿಗಿತದ 0.15 ಮೂರರಲ್ಲಿ ಹಂಚಿದರೆ ತಲಾ 0.05. ಮೊದಲು ಮೂರಕ್ಕೂ 0.333 ಕೊಟ್ಟು ಶುರು ಮಾಡಿ. ಬೆಲ್ಲದ ಪುಟದ ಪೂರ್ತಿ 0.333, ಸಂಪರ್ಕ ಪುಟದ ಅರ್ಧ 0.167 ಸೇರಿ ಮುಖಪುಟಕ್ಕೆ 0.05 + 0.85 × (0.333 + 0.167) = 0.475. ಇದೇ ರೀತಿ ಬೆಲ್ಲದ ಪುಟಕ್ಕೆ 0.333, ಸಂಪರ್ಕ ಪುಟಕ್ಕೆ 0.192. ಬಂದ ಉತ್ತರವನ್ನೇ ಮತ್ತೆ ಸೂತ್ರಕ್ಕೆ ಹಾಕಿ. ಎರಡನೇ ಸುತ್ತಿನಲ್ಲಿ ಮುಖಪುಟ 0.415ಕ್ಕೆ ಇಳಿಯುತ್ತದೆ, ಸಂಪರ್ಕ ಪುಟ 0.252ಕ್ಕೆ ಏರುತ್ತದೆ. ಸುತ್ತು ಮುಂದುವರಿಸಿದರೆ 0.433, 0.333, 0.234ರಲ್ಲಿ ನಿಲ್ಲುತ್ತದೆ. 32.2 ಕೋಟಿ ಲಿಂಕುಗಳ ಸಂಗ್ರಹಕ್ಕೆ ಸುಮಾರು 52 ಸುತ್ತು ಸಾಕಾಯಿತು ಎಂದು ಅವರ ಪ್ರಬಂಧದಲ್ಲಿದೆ. ಸ್ಪ್ರೆಡ್‌ಶೀಟಿನಲ್ಲಿ ಒಮ್ಮೆ ನೀವೇ ಮಾಡಿ ನೋಡಿ, ಪಾಠಕ್ಕಿಂತ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ.

ಮೋಸಕ್ಕೆ ದಾರಿಯೂ ಇದೇ ಸೂತ್ರದಲ್ಲಿದೆ. ಯಾರೂ ಲಿಂಕ್ ಕೊಡದ ಪುಟಕ್ಕೂ ಜಿಗಿತದ ಪಾಲು ಪುಕ್ಕಟೆ ಸಿಗುತ್ತದಲ್ಲ? ಸೂತ್ರದ ಇನ್ನೊಂದು ರೂಪದಲ್ಲಿ, ಪುಟಗಳ ಸಂಖ್ಯೆಯಿಂದ ಭಾಗಿಸದೆ, ಅದನ್ನು ನೇರ 0.15 ಎಂದೇ ಇಡುತ್ತಾರೆ. ಆ ಲೆಕ್ಕದಲ್ಲಿ ಒಬ್ಬ 1,000 ಪೊಳ್ಳು ಪುಟ ಮಾಡಿ, ಎಲ್ಲದರಿಂದಲೂ ಒಂದೇ ಅಂಗಡಿ ಪುಟಕ್ಕೆ ಲಿಂಕ್ ಕೊಟ್ಟರೆ ಅದರ ಅಂಕ 0.15 + 0.85 × 1,000 × 0.15, ಅಂದರೆ 127.65. ಅಂಗಡಿ ಪುಟದಿಂದ ಆ ಸಾವಿರಕ್ಕೂ ಲಿಂಕ್ ವಾಪಸ್ ಕೊಟ್ಟರೆ ತೂಕ ಒಳಗೊಳಗೇ ಸುತ್ತಿ 460ಕ್ಕೆ ಏರುತ್ತದೆ. ಲಿಂಕ್ ಫಾರ್ಮ್ ಎನ್ನುವುದು ಇದನ್ನೇ. ಹೊರಗಿನ ಒಬ್ಬನೇ ಒಬ್ಬ ಓದುಗ ಮೆಚ್ಚದಿದ್ದರೂ ಅಂಕ ಬೆಳೆಯಿತು. ಹಾಗಾಗಿಯೇ ಇಂದಿನ ಗೂಗಲ್ ಲಿಂಕನ್ನು ಎಣಿಸುವ ಮೊದಲು ಅದು ನಂಬಬಹುದಾದದ್ದೇ ಎಂದು ನೋಡುತ್ತದೆ, ಮತ್ತು ರ‍್ಯಾಂಕ್ ನಿರ್ಧರಿಸುವ ಹಲವು ಅಂಶಗಳಲ್ಲಿ ಲಿಂಕ್ ಈಗ ಒಂದು ಮಾತ್ರ.

ಪ್ರ: ‘ಗೂಗಲ್ ಬಾಂಬ್’ ಅಂದರೇನು? ಈಗಲೂ ನಡೆಯುತ್ತದೆಯೇ?
— ಪತ್ರಿಕೋದ್ಯಮ ವಿದ್ಯಾರ್ಥಿ, ಮೈಸೂರು

ಉ: ಲಿಂಕಿನ ಮೇಲಿರುವ ಪದಗಳನ್ನು ಗೂಗಲ್ ಆ ಕಡೆಯ ಪುಟದ ವಿವರಣೆ ಎಂದು ಓದುತ್ತದೆ. ಇದನ್ನು ಬಳಸಿಕೊಂಡು 2003ರಲ್ಲಿ ಅಮೆರಿಕದಲ್ಲಿ ಬಹಳ ಜನ ‘ಮಿಸರಬಲ್ ಫೇಲ್ಯೂರ್’ ಎಂಬ ಪದಗಳ ಮೇಲೆ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರ ಅಧಿಕೃತ ಪರಿಚಯ ಪುಟದ ಲಿಂಕ್ ಕೊಟ್ಟರು. ಆ ಪುಟದಲ್ಲಿ ಆ ಪದಗಳು ಇಲ್ಲದಿದ್ದರೂ ಹುಡುಕಿದವರಿಗೆ ಮೊದಲು ಸಿಗುತ್ತಿದ್ದುದು ಅದೇ. 2007ರ ಜನವರಿಯಲ್ಲಿ ಗೂಗಲ್ ತನ್ನ ಲೆಕ್ಕ ಬದಲಿಸಿ ಇಂಥ ಬಹಳಷ್ಟು ಬಾಂಬುಗಳನ್ನು ಅಡಗಿಸಿತು. ಅಂದಿನಷ್ಟು ಸುಲಭವಾಗಿ ಈಗ ಆಗದು. ವ್ಯಾಪಾರಕ್ಕಾಗಿ ಇದೇ ತಂತ್ರ ಬಳಸಿ ಸಿಕ್ಕಿಬಿದ್ದ ದೊಡ್ಡ ಉದಾಹರಣೆ ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಯದು. ಸಂಬಂಧವಿಲ್ಲದ ಸಾವಿರಾರು ಪುಟಗಳಿಂದ ಅದಕ್ಕೆ ಲಿಂಕ್ ಇದ್ದುದನ್ನು 2011ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಹೊರಗೆಡವಿತು. ಗೂಗಲ್ ಕ್ರಮ ಕೈಗೊಂಡ ಮೇಲೆ, ಒಂದು ಬ್ರ್ಯಾಂಡಿನ ಸೂಟ್‌ಕೇಸ್ ಹುಡುಕಾಟದಲ್ಲಿ ಮೊದಲಿದ್ದ ಮಳಿಗೆ ಎರಡೇ ಗಂಟೆಯಲ್ಲಿ 71ನೇ ಸ್ಥಾನಕ್ಕೆ ಬಿತ್ತು. ಮರುವರ್ಷ, 2012ರ ಏಪ್ರಿಲ್‌ನಲ್ಲಿ, ಇಂಥವನ್ನು ತಾನಾಗಿ ಹಿಡಿಯುವ ‘ಪೆಂಗ್ವಿನ್’ ಎಂಬ ಗೂಗಲ್ ವ್ಯವಸ್ಥೆ ಬಂತು.

ಪ್ರ: ಮೈಸೂರಿನಲ್ಲಿ ನಮ್ಮದೊಂದು ಹೋಂಸ್ಟೇ ಇದೆ. ಹಿಂದೆ ಒಬ್ಬರಿಂದ ಲಿಂಕ್ ಹಾಕಿಸಿದ್ದೆವು. ಈಗ ಸರ್ಚ್ ಕನ್ಸೋಲ್‌ನಲ್ಲಿ (ತಾಣದ ಮಾಲೀಕರಿಗೆ ಗೂಗಲ್ ಕೊಡುವ ಸಲಕರಣೆ) ‘ಅನ್‌ನ್ಯಾಚುರಲ್ ಲಿಂಕ್ಸ್ ಟು ಯುವರ್ ಸೈಟ್’ ಎಂಬ ಸೂಚನೆ ಬಂದಿದೆ. ದಸರಾ ಬುಕಿಂಗ್ ಹತ್ತಿರ ಬರುತ್ತಿದೆ. ಏನು ಮಾಡುವುದು?
— ಹೋಂಸ್ಟೇ ನಡೆಸುವವರು, ಗೋಕುಲಂ, ಮೈಸೂರು

ಉ: ಇದು ಗೂಗಲ್‌ನ ಸಿಬ್ಬಂದಿಯೊಬ್ಬರು ನೋಡಿ ಹಾಕಿದ ದಂಡಕ್ರಮ. ತಾನಾಗಿ ಹೋಗುವುದನ್ನು ಕಾಯಬೇಡಿ. ನೀವು ಶುಚಿ ಮಾಡಿ ಅರ್ಜಿ ಹಾಕಬೇಕು. ಉತ್ತರಕ್ಕೆ ಹಲವು ದಿನದಿಂದ ಹಲವು ವಾರ ಹಿಡಿಯಬಹುದಾದ್ದರಿಂದ ಇವತ್ತೇ ಶುರು ಮಾಡಿ.

ಮೊದಲು ‘ಮ್ಯಾನ್ಯುಯಲ್ ಆಕ್ಷನ್ಸ್’ ಪುಟ ತೆರೆದು, ಕ್ರಮ ಇಡೀ ತಾಣಕ್ಕೋ ಕೆಲವು ಭಾಗಕ್ಕೋ ಎಂದು ನೋಡಿಕೊಳ್ಳಿ. ಆಮೇಲೆ ‘ಲಿಂಕ್ಸ್’ ವರದಿಗೆ ಹೋಗಿ ಹೊರಗಿನ ಲಿಂಕುಗಳ ಪಟ್ಟಿ ಇಳಿಸಿಕೊಳ್ಳಿ. ‘ಲೇಟೆಸ್ಟ್ ಲಿಂಕ್ಸ್’, ‘ಮೋರ್ ಸ್ಯಾಂಪಲ್ ಲಿಂಕ್ಸ್’ ಎಂಬ ಎರಡು ಪಟ್ಟಿ ಸಿಗುತ್ತವೆ, ಎರಡೂ ಬೇಕು. ಸ್ಪ್ರೆಡ್‌ಶೀಟಿನಲ್ಲಿ ತಾಣವಾರು ಗುಂಪು ಮಾಡಿ, ಪ್ರತಿ ತಾಣದ ಮುಂದೆ ನಾಲ್ಕು ಅಂಕಣ ಇಡಿ: ದುಡ್ಡು ಕೊಟ್ಟದ್ದೇ, ಯಾರನ್ನು ಸಂಪರ್ಕಿಸಿದಿರಿ, ಯಾವ ದಿನ, ಏನಾಯಿತು. ಹಾಕಿಸಿಕೊಟ್ಟವರ ಬಳಿ ಅವರ ಪಟ್ಟಿಯನ್ನೂ ಕೇಳಿ ಪಡೆಯಿರಿ; ದುಡ್ಡು ಪಡೆದವರು ಪಟ್ಟಿ ಕೊಡಲೇಬೇಕು ಎಂದು ಪಟ್ಟು ಹಿಡಿಯಿರಿ.

ಎರಡನೆಯದು ತೆಗೆಸುವ ಕೆಲಸ. ಒಂದೊಂದು ತಾಣಕ್ಕೂ ಇಮೇಲ್ ಬರೆದು ಲಿಂಕ್ ತೆಗೆಯಲು, ಇಲ್ಲವೇ ‘ನೋಫಾಲೋ’ ಅಥವಾ ‘ಸ್ಪಾನ್ಸರ್ಡ್’ (ಹಣ ಕೊಟ್ಟ ಲಿಂಕ್ ಎಂಬ) ಗುರುತು ಹಾಕಲು ಕೇಳಿ. ಬೇಸರದ ಕೆಲಸವೇ, ಆದರೆ ಗೂಗಲ್ ನೋಡುವುದು ಈ ಶ್ರಮವನ್ನೇ. ಏನೂ ತೆಗೆಸದೆ ಬರೀ ‘ಡಿಸ್‌ಅವೋ’, ಅಂದರೆ ‘ಈ ಲಿಂಕುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ’ ಎಂಬ ನಿರಾಕರಣೆ ಪಟ್ಟಿ ಕೊಟ್ಟು ಹಾಕಿದ ಅರ್ಜಿಗಳು ತಿರಸ್ಕೃತವಾಗುತ್ತವೆ.

ಉತ್ತರ ಬಾರದ ತಾಣಗಳನ್ನು ಮಾತ್ರ ‘ಡಿಸ್‌ಅವೋ’ ಪಟ್ಟಿಗೆ ಹಾಕಿ. 2012ರಲ್ಲಿ ಬಂದ ಈ ಸಲಕರಣೆ ಸರ್ಚ್ ಕನ್ಸೋಲ್‌ನ ಮೆನುವಿನಲ್ಲಿ ಕಾಣುವುದಿಲ್ಲ. ‘ಡಿಸ್‌ಅವೋ ಟೂಲ್’ ಎಂದು ಹುಡುಕಿ ಅದರ ಪುಟಕ್ಕೇ ಹೋಗಬೇಕು. ಸರ್ಚ್ ಕನ್ಸೋಲ್‌ನಲ್ಲಿ ತಾಣವನ್ನು ‘ಡೊಮೈನ್ ಪ್ರಾಪರ್ಟಿ’ ಎಂದು ನೋಂದಾಯಿಸಿದ್ದರೆ ಅಲ್ಲಿ ಕೆಲಸ ಮಾಡದು, ‘ಯುಆರ್‌ಎಲ್ ಪ್ರಿಫಿಕ್ಸ್’ ಬಗೆಯಲ್ಲಿ ಮತ್ತೊಮ್ಮೆ ಸೇರಿಸಿಕೊಳ್ಳಿ. ಕಡತ ಸಾದಾ ಟೆಕ್ಸ್ಟ್ ಆಗಿರಬೇಕು, ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಬೇಕು. ಸಾಲಿಗೊಂದೇ ತಾಣ: ಇಂಗ್ಲಿಷ್ ಸಣ್ಣಕ್ಷರದಲ್ಲಿ ಡೊಮೈನ್ ಎಂಬ ಪದ, ಕೋಲನ್, ಜಾಗ ಬಿಡದೆ ತಾಣದ ಹೆಸರು. ಟಿಪ್ಪಣಿ ಬೇಕಿದ್ದರೆ ಆ ಸಾಲನ್ನು ಹ್ಯಾಶ್ ಗುರುತಿನಿಂದ ಶುರು ಮಾಡಿ. ಮಿತಿ 2 ಎಂ.ಬಿ., ಒಂದು ಲಕ್ಷ ಸಾಲು. ಹೊಸ ಪಟ್ಟಿ ಏರಿಸಿದರೆ ಹಳೆಯದು ಅಳಿದುಹೋಗುತ್ತದೆ, ಆದ್ದರಿಂದ ಪ್ರತಿ ಸಲವೂ ಪೂರ್ತಿ ಪಟ್ಟಿಯನ್ನೇ ಏರಿಸಿ. ಇಲ್ಲಿ ಆಗುವ ದೊಡ್ಡ ಅನಾಹುತವೆಂದರೆ ಗಾಬರಿಯಲ್ಲಿ ಒಳ್ಳೆಯ ಪ್ರವಾಸಿ ವೆಬ್‌ಸೈಟು, ಪತ್ರಿಕೆಗಳ ಹೆಸರನ್ನೂ ಸೇರಿಸುವುದು. ತನ್ನಿಷ್ಟದಿಂದ ನಿಮ್ಮ ಬಗ್ಗೆ ಬರೆದವರನ್ನು ಪಟ್ಟಿಯಿಂದ ಹೊರಗಿಡಿ.

ಕೊನೆಗೆ ‘ರಿಕ್ವೆಸ್ಟ್ ರಿವ್ಯೂ’ ಒತ್ತಿ ಅರ್ಜಿ ಬರೆಯಿರಿ. ಲಿಂಕ್ ಕೊಂಡದ್ದನ್ನು ಮುಚ್ಚಿಡಬೇಡಿ. ಎಷ್ಟು ತಾಣಕ್ಕೆ ಬರೆದಿರಿ, ಎಷ್ಟು ತೆಗೆಸಿದಿರಿ ಎಂದು ತಿಳಿಸಿ, ಸ್ಪ್ರೆಡ್‌ಶೀಟಿನ ಲಿಂಕ್ ಕೊಡಿ. ತೀರ್ಮಾನ ಬರುವವರೆಗೆ ಮತ್ತೊಂದು ಅರ್ಜಿ ಹಾಕಬೇಡಿ. ಕ್ರಮ ತೆರವಾದರೂ ಹಳೆಯ ಸ್ಥಾನ ಹಾಗೇ ಮರಳುವುದಿಲ್ಲ, ಏಕೆಂದರೆ ಅದರಲ್ಲೊಂದು ಪಾಲು ಕೊಂಡ ಲಿಂಕುಗಳದೇ ಆಗಿತ್ತು.

ಈ ದಸರೆಗೆ ಸಂಬಂಧಿಸಿ ಒಂದು ಮಾತು: ‘ಹತ್ತಿರದ ಹೋಂಸ್ಟೇ’ ಎಂದು ಹುಡುಕಿದಾಗ ನಕ್ಷೆಯ ಜತೆ ಬರುವ ಫಲಿತಾಂಶಕ್ಕೆ ಹೊಂದಿಕೆ, ದೂರ, ಪ್ರಸಿದ್ಧಿ ಎಂಬ ಮೂರು ಅಳತೆಗಳಿವೆ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ವಿಳಾಸ, ಫೋನ್, ಫೋಟೊ ಸರಿಯಾಗಿಡಿ, ತಂಗಿ ಹೋದವರಿಂದ ನಿಜವಾದ ವಿಮರ್ಶೆ ಕೇಳಿ. ವಿಮರ್ಶೆಯನ್ನು ಮಾತ್ರ ಕೊಳ್ಳಬೇಡಿ.

ಪ್ರ: ನಾವು ಹಾಕದಿದ್ದರೂ ವಿದೇಶಿ ತಾಣಗಳಿಂದ ನಮ್ಮ ರೇಷ್ಮೆ ಸೀರೆ ಅಂಗಡಿಗೆ ನೂರಾರು ಕೆಟ್ಟ ಲಿಂಕ್ ಬಂದಿವೆ. ಪ್ರತಿಸ್ಪರ್ಧಿಗಳ ಕೆಲಸವಿರಬಹುದೇ?
— ಸೀರೆ ವ್ಯಾಪಾರಿ, ಮೈಸೂರು

ಉ: ಹೆಚ್ಚಾಗಿ ಅಲ್ಲ. ಕಸ ತಾಣಗಳು ಕಂಡಕಂಡ ವಿಳಾಸಗಳನ್ನೆಲ್ಲ ನಕಲು ಮಾಡಿ ಪುಟ ತುಂಬಿಸುತ್ತವೆ, ಬಹುತೇಕ ಎಲ್ಲ ಅಂಗಡಿಗಳಿಗೂ ಇಂಥ ಲಿಂಕ್ ಇರುತ್ತವೆ. 2016ರ ಸೆಪ್ಟೆಂಬರ್‌ನಿಂದ ಪೆಂಗ್ವಿನ್ ಇವನ್ನು ದಂಡಿಸುವ ಬದಲು ಲೆಕ್ಕದಿಂದ ಬಿಟ್ಟುಬಿಡುತ್ತದೆ. ಸರ್ಚ್ ಕನ್ಸೋಲ್‌ನಲ್ಲಿ ಸೂಚನೆ ಬಂದಿಲ್ಲವೆಂದರೆ ಡಿಸ್‌ಅವೋ ಗೊಡವೆ ಬೇಡ. ‘ಟಾಕ್ಸಿಕ್ ಲಿಂಕ್’ ಎಂದು ಕೆಂಪು ಬಣ್ಣದಲ್ಲಿ ತೋರಿಸುವ ಖಾಸಗಿ ಸಾಫ್ಟ್‌ವೇರ್ ವರದಿ ನೋಡಿ ಹೆದರಬೇಡಿ. ಅದು ಗೂಗಲ್‌ನ ಅಭಿಪ್ರಾಯವಲ್ಲ.

ಪ್ರ: ಶ್ರೀರಂಗಪಟ್ಟಣ, ರಂಗನತಿಟ್ಟು, ಮೇಲುಕೋಟೆ ಪ್ರವಾಸ ಮಾಡಿಸುವ ನಮಗೆ ಬೇರೆ ಪ್ರವಾಸಿ ವೆಬ್‌ಸೈಟುಗಳವರು ‘ನೀವು ನಮಗೆ, ನಾವು ನಿಮಗೆ’ ಎಂದು ಲಿಂಕ್ ವಿನಿಮಯ ಕೇಳುತ್ತಾರೆ. ತಪ್ಪೇ?
— ಪ್ರವಾಸಿ ಮಾರ್ಗದರ್ಶಿ, ಶ್ರೀರಂಗಪಟ್ಟಣ

ಉ: ನಿಮ್ಮ ಅತಿಥಿಗಳಿಗೆ ನಿಜಕ್ಕೂ ಬೇಕಾಗುವ ತಾಣವಾದರೆ ತಪ್ಪಿಲ್ಲ. ಮೇಲುಕೋಟೆಯಲ್ಲಿ ತಂಗುವ ವ್ಯವಸ್ಥೆ ಮಾಡುವವರಿಗೆ ನೀವು, ನಿಮಗೆ ಅವರು ಲಿಂಕ್ ಕೊಡುವುದು ಸಹಜ. ರ‍್ಯಾಂಕಿಗೆಂದೇ ಐವತ್ತು ತಾಣಗಳ ಜತೆ ‘ಪಾರ್ಟ್‌ನರ್ಸ್’ ಪುಟ ಮಾಡಿದರೆ ಅದು ಗೂಗಲ್ ನಿಯಮದಲ್ಲಿ ಅತಿಯಾದ ವಿನಿಮಯ. ಮೂವರು ಸೇರಿ ಸುತ್ತುಬಳಸಿ ಕೊಟ್ಟರೆ ತಿಳಿಯದು ಎಂಬುದೂ ಸುಳ್ಳು.

ಪ್ರ: ವಾಟ್ಸ್ಆ್ಯಪ್ ಗುಂಪು, ಇನ್‌ಸ್ಟಾಗ್ರಾಂನಲ್ಲಿ ಹಂಚಿದ ಲಿಂಕ್ ಲೆಕ್ಕಕ್ಕೆ ಬರುತ್ತದೆಯೇ?
— ಓದುಗ, ನಂಜನಗೂಡು

ಉ: ವಾಟ್ಸ್ಆ್ಯಪ್ ಸಂದೇಶ ಗೂಗಲ್‌ಗೆ ಕಾಣುವುದೇ ಇಲ್ಲ. ಸಾಮಾಜಿಕ ತಾಣಗಳ ಲಿಂಕುಗಳು ಸಾಮಾನ್ಯವಾಗಿ ‘ನೋಫಾಲೋ’. ಗಿರಾಕಿ ತರಲು ಎರಡೂ ಒಳ್ಳೆಯವು, ರ‍್ಯಾಂಕಿಗೆ ನೇರ ಲಾಭವಿಲ್ಲ.

ಪ್ರ: ನಾವು ಮೈಸೂರಿನ ಸುದ್ದಿಗೆಂದೇ ಒಂದು ಚಿಕ್ಕ ಸುದ್ದಿತಾಣ ನಡೆಸುತ್ತೇವೆ. ಲೇಖನ ತಾವೇ ಕೊಟ್ಟು, ಒಳಗೊಂದು ಲಿಂಕ್ ಇಟ್ಟು ಪ್ರಕಟಿಸಲು ಕಂಪನಿಯವರು ದುಡ್ಡು ಕೊಡುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ?
— ಸಂಪಾದಕರು, ಮೈಸೂರು

ಉ: ಜಾಹೀರಾತು ಎಂದು ಓದುಗರಿಗೆ ಕಾಣುವಂತೆ ಬರೆದು, ಲಿಂಕಿಗೆ ‘ಸ್ಪಾನ್ಸರ್ಡ್’ ಗುರುತು ಹಾಕಿದರೆ ಒಪ್ಪಬಹುದು. 2005ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಒಪ್ಪಿ ತಂದದ್ದು ‘ನೋಫಾಲೋ’ ಗುರುತು. ಹಣದ ಲಿಂಕಿಗೆ ‘ಸ್ಪಾನ್ಸರ್ಡ್’, ಓದುಗರು ಬರೆದದ್ದರಲ್ಲಿನ ಲಿಂಕಿಗೆ ‘ಯುಜಿಸಿ’ (ಯೂಸರ್ ಜನರೇಟೆಡ್ ಕಂಟೆಂಟ್) ಎಂಬ ಗುರುತುಗಳನ್ನು ಗೂಗಲ್ 2019ರಲ್ಲಿ ಸೇರಿಸಿತು. ‘ಗುರುತು ಹಾಕಬೇಡಿ’ ಎಂದು ಕಂಪನಿ ಷರತ್ತು ಹಾಕಿದರೆ ಅವರು ಕೊಳ್ಳುತ್ತಿರುವುದು ನಿಮ್ಮ ಓದುಗರನ್ನಲ್ಲ, ನಿಮ್ಮ ತಾಣದ ಹೆಸರನ್ನು. ಕೊಂಡವರನ್ನೂ ಲಿಂಕ್ ಮಾರುವ ತಾಣಗಳನ್ನೂ ಗುರುತಿಸಲು ಗೂಗಲ್ ತನ್ನ ‘ಸ್ಪ್ಯಾಮ್‌ಬ್ರೇನ್’ ವ್ಯವಸ್ಥೆಯನ್ನು 2022ರ ಡಿಸೆಂಬರ್‌ನಲ್ಲಿ ಹಚ್ಚಿದೆ. ಹಾಗೆ ಗುರುತಿಸಲ್ಪಟ್ಟ ತಾಣದಿಂದ ನೀವು ಪ್ರಾಮಾಣಿಕವಾಗಿ ಕೊಟ್ಟ ಲಿಂಕಿಗೂ ಬೆಲೆ ಉಳಿಯದೆ ಹೋಗಬಹುದು.

ಪ್ರ: ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳ ಸಂಘದ ವೆಬ್‌ಸೈಟ್ ಗೂಗಲ್‌ನಲ್ಲಿ ಜೂಜಿನ ಶೀರ್ಷಿಕೆಗಳೊಂದಿಗೆ ಬರುತ್ತಿದೆ. ತೆರೆದು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ.
— ಸಂಘದ ಕಾರ್ಯದರ್ಶಿ, ಮದ್ದೂರು

ಉ: ತಾಣ ಹ್ಯಾಕ್ ಆಗಿದೆ. ನಿಮಗೆ ಒಂದು ಪುಟ, ಗೂಗಲ್‌ಗೆ ಲಿಂಕ್ ತುಂಬಿದ ಇನ್ನೊಂದು ಪುಟ ತೋರಿಸುತ್ತಿದ್ದಾರೆ. ಶಾಲೆ, ಸಂಘಗಳ ತಾಣಗಳನ್ನೇ ಹಿಡಿಯಲು ಕಾರಣ, ಅವಕ್ಕೆ ಒಳ್ಳೆಯ ಹಳೆಯ ಲಿಂಕುಗಳಿರುತ್ತವೆ, ಕಾಯುವವರು ಇರುವುದಿಲ್ಲ. ಗೂಗಲ್‌ನಲ್ಲಿ ‘ಸೈಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, ತಾಣದ ಹೆಸರು, ಪಕ್ಕದಲ್ಲಿ ‘ಕ್ಯಾಸಿನೊ’ ಹಾಕಿ ಹುಡುಕಿ. ಸೇರಿಕೊಂಡ ಪುಟಗಳು ಕಾಣುತ್ತವೆ. ಸರ್ಚ್ ಕನ್ಸೋಲ್‌ನ ‘ಯುಆರ್‌ಎಲ್ ಇನ್‌ಸ್ಪೆಕ್ಷನ್’ನಲ್ಲಿ ಗೂಗಲ್ ಕಂಡ ಪುಟದ ಕೋಡ್ ನೋಡಿ. ಅಲ್ಲೇ ‘ಯೂಸರ್ಸ್’ ಪಟ್ಟಿಯಲ್ಲಿ ಗೊತ್ತಿಲ್ಲದ ಮಾಲೀಕರಿದ್ದರೆ ತೆಗೆಯಿರಿ, ಸರ್ವರಿನಲ್ಲಿ ಅವರು ಇಟ್ಟ ದೃಢೀಕರಣ ಕಡತವನ್ನೂ ಅಳಿಸಿ. ಅಳಿಸದಿದ್ದರೆ ಅವರು ಮತ್ತೆ ಒಳಗೆ ಬರುತ್ತಾರೆ.

ವರ್ಡ್‌ಪ್ರೆಸ್ ಆದರೆ ಮೂಲ ಕಡತಗಳನ್ನು ಹೊಸದಾಗಿ ಹಾಕಿ, ಪ್ಲಗಿನ್‌ಗಳನ್ನು ಅಪ್‌ಡೇಟ್ ಮಾಡಿ, ಬೇಡದ್ದನ್ನು ತೆಗೆಯಿರಿ. ದುಡ್ಡಿನ ಥೀಮನ್ನು ಪುಕ್ಕಟೆಯಾಗಿ ಎಲ್ಲಿಂದಲೋ ಇಳಿಸಿಕೊಂಡಿದ್ದರೆ ರೋಗ ಬಹುಶಃ ಅದರಲ್ಲೇ ಇದೆ. ಹೋಸ್ಟಿಂಗ್, ಡೇಟಾಬೇಸ್, ಅಡ್ಮಿನ್ ಮೂರರ ಪಾಸ್‌ವರ್ಡ್ ಬದಲಿಸಿ. ಕಳ್ಳ ಪುಟಗಳನ್ನು ಮುಖಪುಟಕ್ಕೆ ತಿರುಗಿಸದೆ ‘ಪುಟ ಇಲ್ಲ’ ಎನ್ನುವ 404 ಅಥವಾ 410 ಉತ್ತರ ಬರುವಂತೆ ಅಳಿಸಿಬಿಡಿ. ‘ಸೆಕ್ಯುರಿಟಿ ಇಶ್ಯೂಸ್’ನಲ್ಲಿ ಸೂಚನೆ ಇದ್ದರೆ ಪರಿಶೀಲನೆಗೆ ಕೋರಿ.

ಪ್ರ: ಮುಚ್ಚಿಹೋದ ಸಂಸ್ಥೆಯೊಂದರ ಹಳೆಯ ವೆಬ್ ವಿಳಾಸ ಮಾರಾಟಕ್ಕಿದೆ. ಅದಕ್ಕೆ ಬಹಳ ಲಿಂಕುಗಳಿವೆ. ಕೊಂಡು ನಮ್ಮ ಅಂಗಡಿಗೆ ತಿರುಗಿಸಿದರೆ ಲಾಭವೇ?
— ಓದುಗ, ಮಂಡ್ಯ

ಉ: ಇಲ್ಲ. ಹಳೆಯ ಹೆಸರಿನ ಮೇಲಿನ ನಂಬಿಕೆಯನ್ನು ಸಂಬಂಧವಿಲ್ಲದ ವ್ಯಾಪಾರಕ್ಕೆ ಎಳೆಯುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಸ್ಪ್ಯಾಮ್ ನಿಯಮಗಳ ಪಟ್ಟಿಗೆ ಸೇರಿಸಿದೆ. ಅದೇ ವ್ಯಾಪಾರವನ್ನು ಕೊಂಡು ಮುಂದುವರಿಸುವವರು ಹಳೆಯ ಪುಟಗಳನ್ನು 301 (ಪುಟ ಶಾಶ್ವತವಾಗಿ ಬೇರೆಡೆಗೆ ಹೋಗಿದೆ ಎನ್ನುವ ಉತ್ತರ) ಮೂಲಕ ಹೊಸ ತಾಣದ ಅದೇ ವಿಷಯದ ಪುಟಗಳಿಗೆ ತಿರುಗಿಸಬಹುದು. ನಿಮ್ಮದು ಹಾಗಲ್ಲದಿದ್ದರೆ ಬಿಟ್ಟುಬಿಡಿ. ನಿಮ್ಮ ಸ್ವಂತ ವಿಳಾಸ ಹೀಗೆ ಬೇರೆಯವರ ಕೈಗೆ ಹೋಗದಂತೆ ಆಟೊ ರಿನ್ಯೂಯಲ್ ಹಾಕಿಡಿ, ನೋಂದಣಿಯಲ್ಲಿ ವೆಬ್‌ಸೈಟ್ ಮಾಡಿಕೊಟ್ಟವರ ಇಮೇಲ್ ಇದ್ದರೆ ತೆಗೆದು ನಿಮ್ಮದನ್ನು ಹಾಕಿಸಿ.